ರಸ್ತೆ ಬಂದರೆ ನಿಮಗೇನ್ರೀ ಕಷ್ಟ?

ಗಣೇಶನ ಹಬ್ಬ ಮುಗಿದು ದಸರಾ ರಜೆ ಹತ್ತಿರ ಬಂತು ಅಂದರೆ ನಮ್ಮ ಟ್ರೆಕ್ಕಿಂಗ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೊಬ್ಬರು ತಪ್ಪದೇ ಕೇಳುತ್ತಾರೆ: "ಅನ್ನಪೂರ್ಣ ಸರ್ಕ್ಯೂಟ್ ಹೇಗಿದೆ? ಈ ಸಲ ಹೋಗಬಹುದಾ?" ಐದೇ ನಿಮಿಷದಲ್ಲಿ ಉತ್ತರ ಬರುತ್ತದೆ. "ಅಯ್ಯೋ, ಅಲ್ಲಿಗೆ ಬೇಡ. ರಸ್ತೆ ಬಂದು ಎಲ್ಲಾ ಹಾಳಾಗಿದೆ. ಹತ್ತು ವರ್ಷದ ಹಿಂದೆ ಹೋಗಬೇಕಿತ್ತು." ಕೆಳಗೆ ನಾಲ್ಕು ಅಳುಮುಖದ ಇಮೋಜಿ, ಒಂದು ಮುರಿದ ಹೃದಯ. ಯಾರೋ ಸತ್ತ ಸುದ್ದಿ ಬಂದ ಹಾಗೆ.

ಹತ್ತು ವರ್ಷದ ಹಿಂದೆ ಹೋದವರು ಏನು ಹೇಳುತ್ತಿದ್ದರು ಗೊತ್ತಾ? ಇಪ್ಪತ್ತು ವರ್ಷದ ಹಿಂದೆ ಹೋಗಬೇಕಿತ್ತು ಅಂತ. ಅದಕ್ಕೂ ಮುಂಚೆ ಜನ ಕಠ್ಮಂಡು-ಪೋಖರಾ ಹೆದ್ದಾರಿಯ ಡುಮ್ರೆಯಲ್ಲಿ ಬಸ್ಸಿಳಿದು ಅಲ್ಲಿಂದಲೇ ನಡೆಯೋಕೆ ಶುರು ಮಾಡುತ್ತಿದ್ದರು. ಬೆಸಿಸಹರ್‌ವರೆಗೆ ರಸ್ತೆ ಆದಾಗ ಅವರೂ ಮೂಗು ಮುರಿದಿರಬೇಕು. ನಾವು ಬರೋದಕ್ಕಿಂತ ಸ್ವಲ್ಪ ಮುಂಚೆಯಷ್ಟೇ ಜಗತ್ತು ಚೆನ್ನಾಗಿತ್ತು ಅನ್ನೋದು ಪ್ರವಾಸಿಗಳ ಹಳೇ ಕಾಯಿಲೆ. ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ 'ಹಾಳಾಗಿದೆ' ಅನ್ನುವ ಪದದ ಮೇಲೆ. ಯಾರಿಗೆ ಹಾಳಾಗಿದೆ?

ಹೋಗದವರಿಗಾಗಿ ಎರಡು ಮಾತು ಹೇಳಿ ಮುಂದುವರಿಯುತ್ತೇನೆ. ನಡುನೇಪಾಳದ ಅನ್ನಪೂರ್ಣ ಪರ್ವತಸಾಲನ್ನು ಸುತ್ತುಹಾಕುವ ದಾರಿ ಇದು. ಪೂರ್ವದ ಬೆಸಿಸಹರ್ ಪೇಟೆಯಲ್ಲಿ, ಬರೀ 760 ಮೀಟರ್ ಎತ್ತರದಲ್ಲಿ, ಬಾಳೆ, ಭತ್ತದ ಗದ್ದೆಗಳ ನಡುವೆ ಶುರುವಾಗುತ್ತದೆ. ಮರ್ಸ್ಯಾಂಗ್ಡಿ ನದಿಯನ್ನು ಹಿಡಿದು ಮೇಲೇರುತ್ತಾ ಹೋದರೆ ಪೈನ್ ಕಾಡಿನ ಚಾಮೆ, ಆಮೇಲೆ ಪಿಸಾಂಗ್, 3,540 ಮೀಟರಿನಲ್ಲಿ ಮನಾಂಗ್, ಕೊನೆಗೆ 5,416 ಮೀಟರಿನ ಥೊರೊಂಗ್ ಲಾ ಕಣಿವೆದಾರಿ. ಅದನ್ನು ದಾಟಿ ಒಂದೇ ದಿನದಲ್ಲಿ 1,600 ಮೀಟರ್ ಇಳಿದರೆ ಮುಕ್ತಿನಾಥ. ಅಲ್ಲಿಂದ ಕಾಳಿ ಗಂಡಕಿ ಕಣಿವೆ ಹಿಡಿದು ಜೋಮ್‌ಸೋಮ್, ಮಾರ್ಫಾ, ಕೆಳಗೆ ಬೇನಿ. ಸುತ್ತು ಅಂದೆನಲ್ಲ, ಪ್ರದಕ್ಷಿಣೆ ಅಲ್ಲ ಇದು, ಅಪ್ರದಕ್ಷಿಣೆ. ನಮ್ಮಜ್ಜಿ ಇದ್ದಿದ್ದರೆ ಬೈಯುತ್ತಿದ್ದರು. ಆದರೆ ಬಲಸುತ್ತು ಹಾಕಹೋದರೆ ಆ 1,600 ಮೀಟರನ್ನು ಒಂದೇ ದಿನ ಏರಬೇಕು, ಉಸಿರು ನಿಲ್ಲುತ್ತೆ. ಮನಾಂಗ್ ಕಡೆಯ ಬಾಗಿಲು ಹೊರದೇಶದವರಿಗೆ ತೆರೆದದ್ದು 1977ರಲ್ಲಿ. ಆವತ್ತಿನಿಂದ ಜಗತ್ತಿನ ಅತಿ ಸುಂದರ ನಡಿಗೆಗಳಲ್ಲಿ ಒಂದು ಅನ್ನಿಸಿಕೊಂಡಿದೆ. ಈಗ ಪೂರ್ವದ ಕಡೆ ಮನಾಂಗ್‌ವರೆಗೂ, ಪಶ್ಚಿಮದ ಕಡೆ ಮುಕ್ತಿನಾಥದವರೆಗೂ ಜೀಪು ಹೋಗುತ್ತದೆ. ಅಷ್ಟೇ ಆಗಿರುವುದು. ಪರ್ವತಗಳು ಇದ್ದಲ್ಲೇ ಇವೆ.

ಎರಡು ವರ್ಷದ ಹಿಂದೆ ನವೆಂಬರಿನಲ್ಲಿ ನಾವು ನಾಲ್ಕು ಜನ ಹೋಗಿದ್ದೆವು. ಬೆಸಿಸಹರ್‌ನಿಂದ ಚಾಮೆಗೆ ಜೀಪು. ಒಳಗೆ ಹನ್ನೊಂದು ಜನ. ಟಾಪ್ ಮೇಲೆ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ತಗಡಿನ ಶೀಟು, ಒಂದು ಪ್ಲಾಸ್ಟಿಕ್ ನೀರಿನ ಟ್ಯಾಂಕು, ಅದರೊಳಗೆ ನಮ್ಮ ಬ್ಯಾಗುಗಳು. ನನ್ನ ಪಕ್ಕ ಒಬ್ಬರು ಅಜ್ಜಿ, ಕೈಯಲ್ಲಿ ಎಕ್ಸ್-ರೇ ಕವರು. ಪೋಖರಾದ ಆಸ್ಪತ್ರೆಗೆ ಹೋಗಿ ವಾಪಸ್ ಬರುತ್ತಿದ್ದರು, ಸೊಂಟದ ಮೂಳೆ. ಪ್ರತಿ ಗುಂಡಿಗೂ ಅಜ್ಜಿ ನನ್ನ ತೊಡೆ ಹಿಡಿದುಕೊಳ್ಳುತ್ತಿದ್ದರು, ಕವರನ್ನು ಮಾತ್ರ ಬಿಡಲಿಲ್ಲ. ಜೊತೆಗಿದ್ದ ಮೊಮ್ಮಗ ಹಿಂದಿಯಲ್ಲಿ ಹೇಳಿದ: ಅಜ್ಜನಿಗೆ ಹುಷಾರು ತಪ್ಪಿದಾಗ ಈ ರಸ್ತೆ ಇರಲಿಲ್ಲ. ಡೋಕೋದಲ್ಲಿ ಕೂರಿಸಿ ಇಳಿಸಿದ್ದು. ಡೋಕೋ ಅಂದರೆ ಬಿದಿರಿನ ಬುಟ್ಟಿ, ಬೆನ್ನಿಗೆ ಹಾಕಿಕೊಂಡು ಅದರ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುತ್ತಾರೆ. ಊರಿನ ನಾಲ್ಕು ಜನ ಸರದಿಯ ಮೇಲೆ ಹೊತ್ತು ಎರಡೂವರೆ ದಿನ ನಡೆದರಂತೆ. ಆಸ್ಪತ್ರೆ ಮುಟ್ಟಿದರಾ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ನಮ್ಮ ಮಾತು ಕೇಳಿಸಿಕೊಂಡ ಡ್ರೈವರ್ ಕನ್ನಡಿಯಲ್ಲಿ ನೋಡಿ, "ಬೆಂಗಳೂರಾ ಸಾರ್?" ಅಂದ. ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ವರ್ಷ ಸೆಕ್ಯುರಿಟಿ ಆಗಿದ್ದನಂತೆ. ಕನ್ನಡದಲ್ಲಿ ಏನು ನೆನಪಿದೆ ಅಂತ ಕೇಳಿದ್ದಕ್ಕೆ ಮೊದಲು ಬಂದ ವಾಕ್ಯ, "ಗಾಡಿ ಇಲ್ಲಿ ಹಾಕ್ಬೇಡಿ ಸಾರ್, ಓನರ್ ಬೈತಾರೆ." ಎಲ್ಲರೂ ನಕ್ಕೆವು. ಅಜ್ಜಿಯೂ ನಕ್ಕರು, ಅರ್ಥ ಆಗದೆ. ಈಗ ಭಾವನ ಜೊತೆ ಸೇರಿ ಸಾಲ ಮಾಡಿ ಈ ಜೀಪು ತಗೊಂಡಿದ್ದಾನೆ. ಅರ್ಧ ಕನ್ನಡ ಅರ್ಧ ಹಿಂದಿಯಲ್ಲಿ ಅಂದ: "ಈ ರೋಡ್ ಇಲ್ಲ ಅಂದ್ರೆ ನಾನು ಈಗ ಕತಾರ್‌ನಲ್ಲಿ ಸಾರ್. ಇಲ್ಲಾಂದ್ರೆ ಮತ್ತೆ ನಿಮ್ಮ ಗೇಟಲ್ಲಿ."

ರಸ್ತೆ ಬಂದು ಹಾಳಾಯಿತು ಅನ್ನುವವರು ಈ ಜೀಪಿನೊಳಗೆ ಕೂತು ಆ ಮಾತನ್ನು ಅಜ್ಜಿಗೆ ಅನುವಾದ ಮಾಡಿ ಹೇಳಲಿ ನೋಡೋಣ.

'ಹಾಳು' ಅನ್ನಬೇಕಾದರೆ ಮೊದಲು ಏನೋ ಒಂದು ಶುದ್ಧವಾಗಿ, ಯಾರೂ ಮುಟ್ಟದೆ, ನಮಗಾಗಿ ಕಾದು ಕೂತಿರಬೇಕಲ್ಲ. ಈ ಕಣಿವೆಗಳು ಯಾವತ್ತೂ ಹಾಗೆ ಕೂತಿರಲೇ ಇಲ್ಲ. ಮನಾಂಗ್‌ನವರನ್ನೇ ನೋಡಿ. ಅಷ್ಟೆತ್ತರದಲ್ಲಿ ಬೆಳೆಯೋದು ಬಕ್‌ವೀಟು, ಬಾರ್ಲಿ, ಆಲೂಗಡ್ಡೆ. ಅದರಲ್ಲಿ ವರ್ಷ ಪೂರ್ತಿ ಹೊಟ್ಟೆ ತುಂಬಲ್ಲ. ಆದ್ದರಿಂದ ಅವರು ವ್ಯಾಪಾರಕ್ಕೆ ಇಳಿದರು. 18ನೇ ಶತಮಾನದ ಕೊನೆಯಲ್ಲೇ ನೇಪಾಳದ ಅರಸರಿಂದ ವ್ಯಾಪಾರಕ್ಕೆ ವಿಶೇಷ ಸವಲತ್ತು ಪಡೆದವರು ಇವರು. ಗಿಡಮೂಲಿಕೆ, ಕಸ್ತೂರಿ ಹೊತ್ತು ಭಾರತದ ಬಯಲಿಗೆ ಇಳಿದರು. ಮುಂದೆ ಬರ್ಮಾ, ಥಾಯ್ಲೆಂಡ್, ಸಿಂಗಪುರಕ್ಕೂ ಹೋದರು. ನಮ್ಮಲ್ಲಿ ಬಹುಪಾಲು ಜನರ ಅಪ್ಪ ಅಮ್ಮ ಪಾಸ್‌ಪೋರ್ಟ್ ಮುಖ ನೋಡುವ ಮುಂಚೆಯೇ ಮನಾಂಗಿನ ಜನ ಬ್ಯಾಂಕಾಕ್ ಬೀದಿಗಳಲ್ಲಿ ವ್ಯಾಪಾರ ಕುದುರಿಸಿ ಮನೆಗೆ ಬಂದಿದ್ದರು. ಅಂಥವರ ಊರಿಗೆ ಹೋಗಿ "ಹೊರಜಗತ್ತಿನ ಸೋಂಕಿಲ್ಲದ ಮುಗ್ಧ ಜನ" ಅಂತ ಫೋಟೋ ಕೆಳಗೆ ಬರೆಯುತ್ತೀವಲ್ಲ, ಅವರು ಓದಿದರೆ ನಗುತ್ತಾರೆ.

ಪಶ್ಚಿಮದ ಕಾಳಿ ಗಂಡಕಿ ಕಣಿವೆಯಂತೂ ಹೆದ್ದಾರಿಯೇ ಆಗಿತ್ತು, ಟಾರು ಇರಲಿಲ್ಲ ಅಷ್ಟೆ. ಮೇಲಿನಿಂದ ಟಿಬೆಟ್ಟಿನ ಉಪ್ಪು, ಕೆಳಗಿನಿಂದ ಧಾನ್ಯ. ತುಕುಚೆ ಅನ್ನೋ ಊರು ಉಪ್ಪಿನ ದೊಡ್ಡ ಕೋಠಿ, ಥಕಾಲಿ ಜನಾಂಗದವರು ಅದರ ಸಾಹುಕಾರರು. 1959ರ ನಂತರ ಟಿಬೆಟ್ಟಿನ ಗಡಿಯಲ್ಲಿ ಎಲ್ಲ ಬದಲಾಯಿತು. ಆ ಹೊತ್ತಿಗೆ ನಮ್ಮ ಕಡಲ ತೀರದ ಅಗ್ಗದ ಉಪ್ಪು ಕೂಡ ಬೆಟ್ಟ ಹತ್ತಿತ್ತು. ವ್ಯಾಪಾರ ಬಿತ್ತು. ಥಕಾಲಿಗಳು ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ, ಹೋಟೆಲು ತೆರೆದರು. ಇವತ್ತು ನೇಪಾಳದಲ್ಲಿ 'ಥಕಾಲಿ ಊಟ' ಅಂದರೆ ನಮ್ಮಲ್ಲಿ 'ಉಡುಪಿ ಹೋಟೆಲ್' ಅಂದ ಹಾಗೆ, ಪ್ರತಿ ಪೇಟೆಯಲ್ಲೂ ಬೋರ್ಡು. ಕಾಲಕ್ಕೆ ತಕ್ಕ ಹಾಗೆ ಕಸುಬು ಬದಲಿಸಿ ಬದುಕಿದವರ ಮುಂದೆ ನಾವು ಬಂದು ನಿಂತು, "ನೀವು ಮಾತ್ರ ಹೇಗಿದ್ದೀರೋ ಹಾಗೇ ಇರಿ" ಅಂತ ಉಪದೇಶ ಮಾಡುತ್ತಿದ್ದೇವೆ.

ನಮ್ಮ ಕಡೆಯವರಿಗೂ ಈ ದಾರಿ ಹೊಸದೇನಲ್ಲ. ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆಯಲ್ಲಿ ಒರೆಸಿ, ತುಳಸಿ ಏರಿಸಿ ಇಡುವ ಸಾಲಿಗ್ರಾಮ ಬರುವುದು ಇದೇ ಗಂಡಕಿ ನದಿಯಿಂದ. ಮುಕ್ತಿನಾಥ ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ಅದೇ ಜಾಗ ಬೌದ್ಧರಿಗೂ ಪವಿತ್ರ, ನಿತ್ಯ ಉರಿಯುವ ಅಲ್ಲಿನ ಜ್ವಾಲೆಯನ್ನು ಬೌದ್ಧ ಸನ್ಯಾಸಿನಿಯರು ನೋಡಿಕೊಳ್ಳುತ್ತಾರೆ. ನಾವು ಕಣಿವೆದಾರಿ ಇಳಿದು ಗೆದ್ದವರ ಹಾಗೆ ಮುಕ್ತಿನಾಥ ಮುಟ್ಟಿದಾಗ ಅಲ್ಲಿ 108 ನೀರಿನ ಧಾರೆಗಳ ಕೆಳಗೆ ತಲೆ ಒಡ್ಡಿ ನಡುಗುತ್ತಾ ಓಡುತ್ತಿದ್ದರು ಎಪ್ಪತ್ತು ದಾಟಿದ ಒಬ್ಬ ರಾಯರು. ಜೀಪಿನಲ್ಲಿ ಬಂದಿದ್ದರು. ರಸ್ತೆ ಇಲ್ಲದಿದ್ದರೆ ಅವರಿಗೆ ಈ ಜನ್ಮದಲ್ಲಿ ಮುಕ್ತಿನಾಥ ಇಲ್ಲ. ನನ್ನ ಗೆಳೆಯನೊಬ್ಬ ಪಿಸುಗುಟ್ಟಿದ, "ಕಷ್ಟಪಡದೆ ಬಂದ್ಬಿಟ್ರೆ ಏನು ಮಜಾ?" ಮಜಾ ಅಂತೆ. ಅವರು ಮಜಾಕ್ಕೆ ಬಂದವರಲ್ಲ ಮಾರಾಯ.

ಕಷ್ಟಪಟ್ಟು ಬಂದವರು ಗೆದ್ದವರು ಅನ್ನೋ ಲೆಕ್ಕವೂ ಹಳೆಯದು. 1950ರ ಜೂನ್ 3ರಂದು ಫ್ರೆಂಚರು ಅನ್ನಪೂರ್ಣ ಶಿಖರ ಏರಿದರು, 8,000 ಮೀಟರ್ ಮೀರಿದ ಶಿಖರವೊಂದನ್ನು ಮನುಷ್ಯ ಮುಟ್ಟಿದ್ದು ಅದೇ ಮೊದಲು. ತಂಡದ ನಾಯಕ ಮೋರಿಸ್ ಹರ್ಜೋಗ್. ಹಿಮ ಕಚ್ಚಿ ಅವನ ಬೆರಳುಗಳು ಹೋದವು. ಕೆಳಗೆ ಬಂದದ್ದು ಹೇಗೆ? ವಾರಗಟ್ಟಲೆ ಕೂಲಿಗಳ ಬೆನ್ನ ಮೇಲೆ. ಹರ್ಜೋಗ್‌ನ ಹೆಸರು ಪುಸ್ತಕದಲ್ಲಿದೆ. ಆ ಬೆನ್ನುಗಳ ಹೆಸರು ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ನಾವೂ ಬಂದ ಮೇಲೆ ಲಿಂಕ್ಡ್‌ಇನ್‌ನಲ್ಲಿ 'ಥೊರೊಂಗ್ ಲಾ ನನಗೆ ಕಲಿಸಿದ ನಾಯಕತ್ವದ ಏಳು ಪಾಠ' ಅಂತ ಬರೆಯುತ್ತೀವಿ. ಎಂಟನೆಯದು ಬ್ಯಾಗ್ ಹೊತ್ತವನ ಬೆನ್ನಿನಲ್ಲಿತ್ತು, ಅದು ಪೋಸ್ಟಿಗೆ ಬರಲ್ಲ.

ಸೇಬಿನ ಮಾತು ಹೇಳಲೇಬೇಕು. ಮಾರ್ಫಾ ಅಂದರೆ ನೇಪಾಳದಲ್ಲಿ ಸೇಬು. 1966ರಲ್ಲಿ ಅಲ್ಲಿ ಸರ್ಕಾರಿ ತೋಟಗಾರಿಕೆ ಕೇಂದ್ರ ಶುರುವಾಯಿತು, ಮುಂದೆ ಮುಸ್ತಾಂಗ್ ಕೆಳಭಾಗದ ಎಲ್ಲ ಊರುಗಳಿಗೂ ಸೇಬು ಹಬ್ಬಿತು. ಬೆಳೆ ಬಂತು, ಸಾಗಿಸುವುದು ಹೇಗೆ? ಹೇಸರಗತ್ತೆ ಮೇಲೆ ಹೇರಿ ದಿನಗಟ್ಟಲೆ ನಡೆಸಿದರೆ ಪೋಖರಾ ಮುಟ್ಟುವಷ್ಟರಲ್ಲಿ ಹಣ್ಣಿಗಿಂತ ಬಾಡಿಗೆ ಹೆಚ್ಚು. ಹಾಗಾಗಿ ಒಣಗಿಸಿದರು, ಬ್ರಾಂದಿ ಇಳಿಸಿದರು. ಮಾರ್ಫಾ ಬ್ರಾಂದಿ ಕುಡಿದು ನಾವು "ಎಂಥಾ ಸ್ಥಳೀಯ ಸೊಗಡು" ಅಂತ ಚಪ್ಪರಿಸಿದ್ದೇ ಚಪ್ಪರಿಸಿದ್ದು. ಅದರಲ್ಲಿ ಅರ್ಧ ಸೊಗಡು ರಸ್ತೆ ಇಲ್ಲದ್ದರ ಪರಿಣಾಮ ಸ್ವಾಮಿ! ಈಗ ಲಾರಿ ಬರುತ್ತೆ, ಹಣ್ಣು ಹಣ್ಣಾಗಿಯೇ ಪೋಖರಾ, ಕಠ್ಮಂಡು ಮಾರುಕಟ್ಟೆ ಸೇರುತ್ತೆ. ಬ್ರಾಂದಿಯೂ ಸಿಗುತ್ತೆ, ಚಿಂತೆ ಬೇಡ.

ಹಾಗಾದರೆ ರಸ್ತೆಯಿಂದ ಯಾರಿಗೂ ನಷ್ಟವೇ ಇಲ್ಲವಾ? ಇದೆ. ಬೆಸಿಸಹರ್ ಮತ್ತು ಚಾಮೆಯ ನಡುವೆ ಬಹುನ್‌ಡಾಂಡಾ, ಜಗತ್, ತಾಲ್ ಅಂತ ಊರುಗಳಿವೆ. ಹಿಂದೆ ನಡೆಯುವವರು ಮೊದಲ ಮೂರ್ನಾಲ್ಕು ರಾತ್ರಿ ಉಳಿಯುತ್ತಿದ್ದದ್ದು ಇಂಥ ಕಡೆ. ಈಗ ಜೀಪುಗಳು ದಾಟಿ ಹೋಗುತ್ತವೆ. ಚಹಾಕ್ಕೆ ನಿಂತ ಒಂದು ಊರಿನಲ್ಲಿ ಲಾಡ್ಜ್ ನಡೆಸುವ ದೀದಿ ತಮ್ಮ ಎಂಟು ಕೋಣೆ ತೋರಿಸಿದರು. ಹಾಸಿಗೆಗಳನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಅಕ್ಟೋಬರಿನಲ್ಲಿ ಒಂದೂ ಖಾಲಿ ಇರುತ್ತಿರಲಿಲ್ಲವಂತೆ. "ಈಗ ಹದಿನೈದು ನಿಮಿಷ, ಒಂದು ಚಹಾ, ಹೊರಟರು." ಹೇಸರಗತ್ತೆ ಹೊಡೆಯುವವರ ಕಥೆಯೂ ಅಷ್ಟೆ. ನಾನು ಜಾಣನ ಹಾಗೆ, ರಸ್ತೆ ಬರದಿದ್ದರೆ ಒಳ್ಳೆಯದಿತ್ತಲ್ಲವಾ ಅಂತ ಕೇಳಿದೆ. ದೀದಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ರಸ್ತೆ ಬೇಡ ಅಂತ ಯಾರು ಹೇಳಿದ್ದು? ಸರಿಯಾಗಿ ಮಾಡಲಿ. ಡೋಜರ್ ತಂದು ಗುಡ್ಡ ಕೆರೆದು ಹೋದರು, ಚರಂಡಿ ಇಲ್ಲ, ತಡೆಗೋಡೆ ಇಲ್ಲ, ಮಳೆಗಾಲದಲ್ಲಿ ಗುಡ್ಡವೇ ಹೊಲಕ್ಕೆ ಬರುತ್ತೆ. ಜೀಪಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಮಗಳು ಕೆಳಗೆ ಕಾಲೇಜಿನಲ್ಲಿದ್ದಾಳೆ, ದಶೈಂ ಹಬ್ಬಕ್ಕೆ ಬರಬೇಕಾದರೆ ಗುಡ್ಡ ಕುಸಿದಿಲ್ಲ ತಾನೇ ಅಂತ ಮೂರು ಸಲ ಫೋನು ಮಾಡಬೇಕು.

ಆ ದೂರಿಗೂ ನಮ್ಮ ದೂರಿಗೂ ಇರುವ ಅಂತರ ನೋಡಿ. ದೀದಿಗೆ ರಸ್ತೆ ಕೆಟ್ಟದಾಗಿದೆ ಅನ್ನೋದು ಸಮಸ್ಯೆ. ನಮಗೆ ರಸ್ತೆ ಇದೆ ಅನ್ನೋದೇ ಸಮಸ್ಯೆ. 2021ರ ಜೂನ್‌ನಲ್ಲಿ ಮರ್ಸ್ಯಾಂಗ್ಡಿ ಉಕ್ಕಿ ತಾಲ್, ಚಾಮೆಯಲ್ಲೆಲ್ಲ ಮನೆಗಳು ಹೋದವು, ರಸ್ತೆ ಎಷ್ಟೋ ಕಡೆ ಕೊಚ್ಚಿಹೋಯಿತು. ಆಗ ಆ ಊರಿನವರು ಯಾರೂ "ಸದ್ಯ, ದಾರಿ ಮತ್ತೆ ಅಸಲಿಯಾಯಿತು" ಅಂತ ಸಂಭ್ರಮಪಡಲಿಲ್ಲ. ಹಿಮಾಲಯದ ಇಳಿಜಾರಿನಲ್ಲಿ ರಸ್ತೆ ಕಡಿಯುವುದರ ಬಗ್ಗೆ ಕೇಳಬೇಕಾದ ಗಟ್ಟಿ ಪ್ರಶ್ನೆಗಳು ಬೇಕಾದಷ್ಟಿವೆ. ಎಲ್ಲಿ ಕಡಿಯಬೇಕು, ನೀರು ಎತ್ತ ಹರಿಯಬೇಕು, ಕೆಳಗಿನ ಹೊಲದವನಿಗೆ ಪರಿಹಾರ ಯಾರು ಕೊಡುತ್ತಾರೆ. ಪರಿಸರದ ಕಾಳಜಿ ಇರುವವರು ಆ ಪ್ರಶ್ನೆಗಳನ್ನು ಆ ಊರಿನವರ ಪಕ್ಕ ನಿಂತು ಕೇಳಲಿ. "ನನ್ನ ಫೋಟೋದಲ್ಲಿ ಜೀಪು ಬಂತು" ಅನ್ನೋದು ಪರಿಸರ ಕಾಳಜಿ ಅಲ್ಲ.

ಇನ್ನೊಂದು ತಮಾಷೆ ಇದೆ. ಈ ರಸ್ತೆಯನ್ನು ಬೈಯುವ ನಾವೇ ಅದನ್ನು ಕಣ್ಮುಚ್ಚಿ ಬಳಸುವವರು. ಹಳೆಯ ಸರ್ಕ್ಯೂಟಿಗೆ ಮೂರು ವಾರ ಬೇಕಿತ್ತು. ನಿಮ್ಮ ಮ್ಯಾನೇಜರ್ ಮೂರು ವಾರ ರಜೆ ಕೊಡ್ತಾರಾ? ಎರಡು ವೀಕೆಂಡ್ ಸೇರಿಸಿ ಒಂಬತ್ತು ದಿನ ಹೊಂದಿಸಿಕೊಂಡು, ಅದರಲ್ಲಿ ವಿಮಾನಕ್ಕೆ ಎರಡು ದಿನ ಕಳೆದು ಉಳಿದದ್ದರಲ್ಲಿ ಥೊರೊಂಗ್ ಲಾ ದಾಟುವವರು ನಾವು. ಹಾಗಾಗಿ ಬೆಸಿಸಹರ್‌ನಲ್ಲಿ ಬೆಳಿಗ್ಗೆ ಜೀಪು ಹತ್ತಿ ಸಂಜೆಗೆ ಮನಾಂಗ್‌ನಲ್ಲಿ ಇಳಿಯುವ ಕಾರ್ಯಕ್ರಮಗಳು ಮಾರಾಟಕ್ಕಿವೆ. 760ರಿಂದ 3,540 ಮೀಟರಿಗೆ ಒಂದೇ ದಿನ! ರಸ್ತೆಯಿಂದ ನಮಗೆ ನಿಜವಾಗಿ ಇರುವ ಅಪಾಯ ಇದು, ಇದರ ಬಗ್ಗೆ ಮಾತ್ರ ಗುಂಪಿನಲ್ಲಿ ಚಕಾರ ಇಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಅಂತ ಪರ್ವತ ವೈದ್ಯರು ಬಾಯಿ ನೋಯುವಷ್ಟು ಹೇಳುತ್ತಾರೆ. ನಡೆದು ಹೋಗುವವನಿಗೆ ಕಾಲೇ ಈ ನಿಯಮ ಪಾಲಿಸುತ್ತೆ. ಜೀಪಿಗೆ ಅದು ಗೊತ್ತಿಲ್ಲ. ಮನಾಂಗ್‌ನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾ ಕೇಂದ್ರವಿದೆ. ಸೀಸನ್ನಿನಲ್ಲಿ ಮಧ್ಯಾಹ್ನದ ಹೊತ್ತು ಅಲ್ಲಿನ ವೈದ್ಯರು ಎತ್ತರದ ಕಾಯಿಲೆ ಬಗ್ಗೆ ಪಾಠ ಮಾಡುತ್ತಾರೆ. ತಲೆನೋವು, ವಾಂತಿ, ಕುಡಿದವರ ಹಾಗೆ ತಟ್ಟಾಡುವ ನಡಿಗೆ, ಮಲಗಿದಾಗಲೂ ಏದುಸಿರು. ಮದ್ದು ಒಂದೇ, ಕೆಳಗಿಳಿಯೋದು. ನಾವು ಹೋದ ದಿನ ನಲವತ್ತು ಜನ ಕೂತಿದ್ದರು. ಪಕ್ಕದ ಬೇಕರಿಯಲ್ಲಿ ಆ್ಯಪಲ್ ಪೈ ಮುಂದೆ ಕೂತಿದ್ದ ನಮ್ಮದೇ ದೇಶದ ಹುಡುಗರ ಗುಂಪು "ನಾವು ಮ್ಯಾರಥಾನ್ ಓಡ್ತೀವಿ, ನಮಗೇನಾಗಲ್ಲ" ಅಂದಿತು. ಥೊರೊಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ನಿಮ್ಮ ಮ್ಯಾರಥಾನ್ ಸಮಯ ಅದಕ್ಕೆ ಗೊತ್ತಿರಲ್ಲ.

ಹಾಗೇ 2014. ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಬಡಿಯಿತು. ಎರಡು ದಿನದ ನಂತರ ಅದರ ಬಾಲ ಹಿಮಪಾತವಾಗಿ ಥೊರೊಂಗ್ ಲಾ ಸುತ್ತಮುತ್ತ ಸುರಿಯಿತು. ಕನಿಷ್ಠ 43 ಜನ ಸತ್ತರು. ಹಲವು ದೇಶಗಳ ಚಾರಣಿಗರು, ಅವರ ಜೊತೆ ನೇಪಾಳದ ಗೈಡುಗಳು, ಹೊರೆಯಾಳುಗಳು, ಯಾಕ್ ಕಾಯುವವರು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಇಲ್ಲಿ ಕಾದು ಕೂರಬೇಕು. ಕಾಯಲು ಕೈಯಲ್ಲಿ ದಿನ ಇರಬೇಕು. ಒಂಬತ್ತು ದಿನದ ರಜೆಯಲ್ಲಿ ಕಾಯೋ ದಿನ ಎಲ್ಲಿದೆ? ಲಾಡ್ಜಿನವರು ಬೇಡ ಅಂದರೂ ಗುಂಪು ಹೊರಡುತ್ತದೆ, ಗುಂಪು ಹೊರಟರೆ ಹೊರೆ ಹೊತ್ತವನು ಹೋಗಲೇಬೇಕು. ಆವತ್ತಿನ ಕೂಲಿ ಅದರಲ್ಲಿದೆ. ಗುಂಪಿನಲ್ಲಿ ಚರ್ಚೆ ಮಾಡೋದಾದರೆ ಇದನ್ನು ಮಾಡಿ. ಹೊರೆಯಾಳಿಗೆ 30 ಕಿಲೋಗಿಂತ ಹೆಚ್ಚು ಹೊರಿಸಬಾರದು ಅನ್ನೋದು ನೇಪಾಳದಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ನಿಮ್ಮ ಏಜೆಂಟು ಅದನ್ನು ಪಾಲಿಸುತ್ತಾನಾ, ಅವನ ಕಾಲಿಗೆ ಬೂಟು, ಮೈಗೆ ಜಾಕೆಟ್ಟು, ಹೆಸರಿಗೆ ವಿಮೆ ಇದೆಯಾ ಅಂತ ಬುಕ್ ಮಾಡುವ ಮುಂಚೆ ಕೇಳಿದ್ದೀರಾ?

ಕೇಳಲ್ಲ. ಯಾಕಂದರೆ ನಮ್ಮ ಪ್ರಶ್ನೆಗಳು ಬೇರೆ. ಡಿಸ್ಕೌಂಟ್ ಇದೆಯಾ? ಈ ದಾರಿಯ ಲಾಡ್ಜುಗಳಲ್ಲಿ ಕೋಣೆಗೆ ಬಾಡಿಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲೇ ಊಟ ಮಾಡಬೇಕು, ಅವರ ಸಂಪಾದನೆ ಇರೋದು ಊಟದಲ್ಲಿ. ಇಪ್ಪತ್ತು ಸಾವಿರದ ಬೂಟು, ಮೂವತ್ತು ಸಾವಿರದ ಜಾಕೆಟ್ಟು ಹಾಕಿಕೊಂಡವರು ಕೋಣೆ ಫ್ರೀ ಮಾಡಿಸಿಕೊಂಡು, ರಾತ್ರಿ ಬ್ಯಾಗಿನಿಂದ ಕಪ್ ನೂಡಲ್ಸ್ ತೆಗೆದು "ಬಿಸಿನೀರು ಮಾತ್ರ ಕೊಡಿ" ಅಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಅದೇ ಜನ ವೈಫೈ ನಿಧಾನ ಅಂತ ಗೊಣಗಿ, ಮನೆಗೆ ಬಂದು "ಹಳ್ಳಿಗಳಲ್ಲೂ ವೈಫೈ ಬಂದು ಸಂಸ್ಕೃತಿ ಹೋಯ್ತು" ಅಂತ ಬರೆಯುತ್ತಾರೆ. ಆ ವೈಫೈನಲ್ಲಿ ಲಾಡ್ಜಿನಾಕೆ ದೋಹಾದಲ್ಲಿರುವ ಮಗನ ಮುಖ ನೋಡುತ್ತಾಳೆ. ಅದೂ ಸಂಸ್ಕೃತಿಯೇ, ನಮಗೆ ಬೇಕಾದ ಬಣ್ಣದ್ದಲ್ಲ ಅಷ್ಟೆ.

ಇದು ನೇಪಾಳಕ್ಕೆ ಮಾತ್ರ ಸಂಬಂಧಪಟ್ಟದ್ದು ಅಂದುಕೊಳ್ಳಬೇಡಿ. ಶರಾವತಿ ಹಿನ್ನೀರಿನ ತುಮರಿ ಕಡೆಗೆ 2025ರ ಜುಲೈನಲ್ಲಿ ಸೇತುವೆ ಆಯಿತಲ್ಲ, ಆಗ ಬೆಂಗಳೂರಿನ ಎಷ್ಟು ಜನ "ಅಯ್ಯೋ, ಲಾಂಚ್‌ನ ಮಜಾ ಹೋಯ್ತು" ಅಂತ ನಿಟ್ಟುಸಿರು ಬಿಟ್ಟರು! ಲಿಂಗನಮಕ್ಕಿ ಕಟ್ಟಿ 1964ರಲ್ಲಿ ಆ ಊರುಗಳ ದಾರಿ ಮುಳುಗಿಸಿ, ಅಲ್ಲಿ ಹುಟ್ಟಿದ ಕರೆಂಟಿನಲ್ಲಿ ನಾವು ದೀಪ ಹಾಕಿಕೊಂಡೆವು. ಸಂಜೆ ಕೊನೇ ಲಾಂಚ್ ತಪ್ಪಿದರೆ ಹೆರಿಗೆ ನೋವಿರಲಿ ಹಾವು ಕಚ್ಚಿರಲಿ, ನೂರು ಕಿಲೋಮೀಟರಿನ ಹತ್ತಿರ ಸುತ್ತಬೇಕಿತ್ತು ಅಂತ ಆ ಕಡೆಯ ನನ್ನ ನೆಂಟರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಕಾರನ್ನು ಲಾಂಚ್ ಮೇಲೆ ಹತ್ತಿಸಿ ಸೆಲ್ಫಿ ತೆಗೆದವರಿಗೆ ಅದು ಅನುಭವ. ಸೇತುವೆ ಆದ ದಿನ ಆ ನೆಂಟರ ಮನೆಯಲ್ಲಿ ಹೋಳಿಗೆ ಮಾಡಿದ್ದರು. ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಮಾಡಿದವರು ಬೆಟ್ಟದ ಮೇಲಿರುವವರನ್ನೇ ಕೇಳಿರಬೇಕು.

ಸರಿ, ಧೂಳು ಬೇಡ, ಜೀಪಿನ ಹಾರ್ನ್ ಬೇಡ, ನಡೆಯೋಕೆ ಬಂದಿದ್ದೀವಿ ಅನ್ನೋದು ನ್ಯಾಯವಾದ ಆಸೆಯೇ. ಅದಕ್ಕೆ ಊರಿನವರ ರಸ್ತೆ ಕಿತ್ತುಹಾಕಬೇಕಿಲ್ಲ. ರಸ್ತೆಯನ್ನು ಬಿಟ್ಟು ಹೋಗುವ ಕಾಲುದಾರಿಗಳನ್ನು ಗುರುತಿಸಿ, ಕಲ್ಲು, ಮರ, ಗೋಡೆಗಳ ಮೇಲೆ ಕೆಂಪು-ಬಿಳಿ ಪಟ್ಟಿ ಬಳಿದಿದ್ದಾರೆ. ಪಕ್ಕದ ಕವಲುಗಳಿಗೆ ನೀಲಿ-ಬಿಳಿ. ಹಲವು ಕಡೆ ನದಿಯ ಒಂದು ದಡದಲ್ಲಿ ರಸ್ತೆ, ಇನ್ನೊಂದು ದಡದಲ್ಲಿ ಈ ದಾರಿ. ಪಿಸಾಂಗ್‌ನಲ್ಲಿ ಎರಡೂ ಕವಲೊಡೆಯುತ್ತವೆ. ಕೆಳಗಿನದು ಹುಮ್ಡೆ ಮೇಲೆ ಹೋಗುತ್ತೆ, ಹೆಚ್ಚುಕಡಿಮೆ ಸಪಾಟು, ಜೀಪಿನ ದಾರಿ, ಬೇಗ ಮುಗಿಯುತ್ತೆ. ಮೇಲಿನದು ಘ್ಯಾರು, ನ್ಗಾವಲ್ ಎಂಬ ಹಳೆಯ ಕಲ್ಲುಮನೆಗಳ ಊರು ಹಾದು ಹೋಗುತ್ತೆ, ಎರಡೂ 3,600 ಮೀಟರಿನ ಮೇಲಿವೆ. ಎದುರಿಗೆ ಅನ್ನಪೂರ್ಣ ಎರಡರ ಮೈ ಪೂರ್ತಿ. ಮೇಲೆ ಮಲಗಿ ಮನಾಂಗ್‌ಗೆ ಇಳಿದರೆ ಎತ್ತರಕ್ಕೆ ಮೈ ಒಗ್ಗುವುದಕ್ಕೂ ಒಳ್ಳೆಯದು. ನಾವು ಮೇಲಿನದರಲ್ಲಿ ಹೋದ ದಿನ ಇಡೀ ಬೆಳಿಗ್ಗೆ ಒಂದೂ ಇಂಜಿನ್ ಸದ್ದು ಕೇಳಲಿಲ್ಲ, ಸಿಕ್ಕ ಚಾರಣಿಗರು ಆರು ಜನ. ಹಿಂದಿನ ರಾತ್ರಿ ಪಿಸಾಂಗ್‌ನ ಲಾಡ್ಜಿನಲ್ಲಿ ನಮ್ಮ ಜೊತೆ ಊಟಕ್ಕಿದ್ದವರು ಇಪ್ಪತ್ತಕ್ಕೂ ಮಿಕ್ಕಿ. ಉಳಿದವರು ಯಾವ ದಾರಿ ಹಿಡಿದರು ಅಂತ ಬೇರೆ ಹೇಳಬೇಕಾಗಿಲ್ಲ.

ಘ್ಯಾರು ಏರಲು ಎರಡು ಗಂಟೆ ಬೇಕು, ಹಾವಿನ ಹಾಗೆ ತಿರುವು ಮೇಲೆ ತಿರುವು. ಹತ್ತುವಾಗ ನಡುವೆ ಅಂಗಡಿ ಇಲ್ಲ. ನೀರು ಕೆಳಗೇ ತುಂಬಿಸಿಕೊಳ್ಳಿ.